ಬಾವಲಿಗಳು ತೂಗುತ್ತಿದ್ದ ವಿದ್ಯಾಶಾಲೆ

“ಕುಂದಲಪುರದ ಅರಸರ ಅಪ್ಪಣೆ, ಎಲ್ಲರೂ ಕಿವಿಗೊಟ್ಟು ಕೇಳಿ. ನಮ್ಮ ವಿದ್ಯಾಶಾಲೆಯ ಬಾಗಿಲು ಮುಚ್ಚಿ ಬಹಳ ಕಾಲವಾಯಿತು. ಎದುರಿನ ಅರಳಿಮರದಲ್ಲಿ ಕುಳಿತ ಬ್ರಹ್ಮರಾಕ್ಷಸ ಮೂರು ಒಗಟು ಒಡ್ಡುತ್ತಾನೆ. ಮೂರನ್ನೂ ಬಿಡಿಸಿದವನಿಗೆ ಓದು ಮುಗಿಯುವ ತನಕ ಅನ್ನ, ಬಟ್ಟೆ, ಇರಲು ಕೋಣೆ ಅರಮನೆಯದು. ತಪ್ಪಿದವನು ಅದೇ ಮರದಲ್ಲಿ ಬಾವಲಿಯಾಗಿ ತಲೆಕೆಳಗೆ ತೂಗಬೇಕು. ಅದಕ್ಕೆ ಅರಮನೆ ಹೊಣೆಯಲ್ಲ.”

ಡಂಗುರದವನು ಹೀಗೆ ಸಾರುತ್ತ ಹೊಳೆ ದಾಟಿ ಹಳ್ಳಿಹಳ್ಳಿಗೂ ಹೋದ. ವಿದ್ಯಾವಂತನಾಗಿದ್ದು ವಿದ್ಯೆಗೇ ದ್ರೋಹ ಬಗೆದವನು ಬ್ರಹ್ಮರಾಕ್ಷಸನಾಗುತ್ತಾನೆ ಎಂದು ಹಿರಿಯರು ಹೇಳುವುದುಂಟು. ಇವನು ಮಾಡಿದ ದ್ರೋಹ ಯಾವುದು ಎಂಬುದು ಮಾತ್ರ ಆ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹೊಳೆಯಾಚೆಯ ಹಳ್ಳಿಯಲ್ಲಿ ಸೋವಣ್ಣ ಎಂಬ ತಬ್ಬಲಿ ಹುಡುಗನಿದ್ದ. ಅಲ್ಲಿಯ ಮಠದ ಗುರುಗಳು ತಮಗೆ ಬಂದಷ್ಟನ್ನೂ ಕಲಿಸಿ, ಇನ್ನು ನನ್ನಲ್ಲಿ ಏನೂ ಉಳಿದಿಲ್ಲ ತಮ್ಮಾ, ಮುಂದಿನದಕ್ಕೆ ಆ ಬಾಗಿಲೇ ಗತಿ ಎಂದಿದ್ದರು. ಸೋವಣ್ಣ ಶಿವನನ್ನು ನೆನೆದು ಹೊರಟ. ಸಂಜೆಯ ಹೊತ್ತಿಗೆ ಅವನು ಅರಳಿಕಟ್ಟೆಗೆ ಬಂದಾಗ ಅಲ್ಲಿ ಅರಸರೂ ಇದ್ದರು, ಜನವೂ ನೆರೆದಿತ್ತು. ಕೊಂಬೆಗಳ ತುಂಬ ಬಾವಲಿ.

ಮಂತ್ರಿಯ ಮಗ ಆಗಲೇ ಪಲ್ಲಕ್ಕಿಯಿಂದ ಇಳಿದು ನಿಂತಿದ್ದ. ಎಲೆಗಳ ನಡುವಿನಿಂದ ದನಿ ಬಂತು.

“ಮೊಳದಗಲದ ಹೊಲ, ಬೆರಳೇ ನೇಗಿಲು. ಉತ್ತ ಸಾಲನ್ನು ಉತ್ತವನೇ ಅಳಿಸುತ್ತಾನೆ. ಸಂಜೆಗೆ ಹೊಲದಲ್ಲಿ ಏನೂ ಇಲ್ಲ, ಬೆಳೆ ಮಾತ್ರ ಮನೆಗೆ ಬಂದಿದೆ. ಏನದು?”

ಅರಮನೆಯ ಜೂಜಿನ ಹಾಸು ಎಂದ ಮಂತ್ರಿಯ ಮಗ. ಹೇಳಿ ಮುಗಿಸುವಷ್ಟರಲ್ಲಿ ಅವನ ತೋಳು ರೆಕ್ಕೆಯಾಯಿತು. ಪಲ್ಲಕ್ಕಿಯವರು ಮುಖ ಮುಖ ನೋಡಿಕೊಂಡು, ಖಾಲಿ ಪಲ್ಲಕ್ಕಿ ಹೊತ್ತು ಹೊರಟರು.

ಸೋವಣ್ಣ ಮುಂದೆ ಬಂದ. ಕಾವಲುಗಾರ ಅವನ ಮಾಸಿದ ಪಂಚೆಯನ್ನು ನೋಡಿ, ಮರದಲ್ಲಿ ಜಾಗವಿಲ್ಲ, ಹಿಂದಿರುಗು ಎಂದು ಹಾಸ್ಯ ಮಾಡಿದ. ಸೋವಣ್ಣ ನಕ್ಕು ಕಟ್ಟೆಯ ಹತ್ತಿರ ಹೋದ. ಅವನಿಗೆ ಮಠದ ಜಗಲಿ ನೆನಪಾಗಿತ್ತು.

“ಅಕ್ಷರ ತಿದ್ದುವ ಮರಳು, ಅಯ್ಯನವರೇ. ಬರೆದದ್ದು ಮರಳಿನಲ್ಲಿ ನಿಲ್ಲುವುದಿಲ್ಲ, ತಿದ್ದಿದವನಲ್ಲಿ ನಿಲ್ಲುತ್ತದೆ.”

ವಿದ್ಯಾಶಾಲೆಯ ಒಂದು ಕದ ಕಿರುಗುಟ್ಟುತ್ತ ತೆರೆಯಿತು. ಜನ ಒಂದು ಹೆಜ್ಜೆ ಹತ್ತಿರ ಸರಿದರು.

“ಒಬ್ಬ ಮಗ, ಏಳು ತಾಯಂದಿರು. ಏಳರಲ್ಲಿ ಒಬ್ಬಳೂ ಹೆತ್ತವಳಲ್ಲ. ಒಬ್ಬಳು ಉಣಿಸಿದ ದಿನ ಉಳಿದವರು ಕರೆಯುವುದಿಲ್ಲ. ಯಾರವನು?”

ಗುಂಪಿನಲ್ಲಿ ಒಬ್ಬ ಶಾಸ್ತ್ರಿಗಳು ನಿಂತಿದ್ದರು. ಅವರು ಪರೀಕ್ಷೆಗೆ ಬಂದವರಲ್ಲ, ನೋಡಲು ಬಂದವರು. ಆದರೆ ಗೊತ್ತಿದೆ ಅನ್ನಿಸಿದಾಗ ಬಾಯಿ ತಡೆದುಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ. ಕೃತ್ತಿಕೆಯರು ಸಾಕಿದ ಷಣ್ಮುಖ ಎಂದುಬಿಟ್ಟರು. ಪಕ್ಕದವನು, ಆ ತಾಯಂದಿರು ಆರೇ ಜನ ಅಲ್ಲವೇ ಸ್ವಾಮಿ ಎನ್ನುವಷ್ಟರಲ್ಲಿ ಶಾಲು ನೆಲದ ಮೇಲಿತ್ತು, ಶಾಸ್ತ್ರಿಗಳು ಕೊಂಬೆಯಲ್ಲಿದ್ದರು. ಉಳಿದವರು ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು.

“ಅವನು ನಾನೇ. ವಾರಾನ್ನದ ಹುಡುಗ. ಓದುವವನು ಉಪವಾಸ ಇರಬಾರದು ಎಂದು ನಮ್ಮೂರಿನ ಏಳು ಮನೆಯವರು ವಾರಕ್ಕೊಂದು ದಿನದಂತೆ ನನ್ನನ್ನು ಉಣಿಸಿದರು” ಎಂದ ಸೋವಣ್ಣ.

ಎರಡನೆಯ ಕದವೂ ತೆರೆಯಿತು. ಒಳಗೆ ಧೂಳು ಹಿಡಿದ ಅಂಗಳ, ಬಾಗಿಲ ಬದಿಯಲ್ಲಿ ಮಳೆನೀರು ತುಂಬಿದ ಬಾನಿ, ಅದರ ಪಕ್ಕ ಒಂದು ಚೊಂಬು ಕಂಡವು. ಬ್ರಹ್ಮರಾಕ್ಷಸನ ದನಿ ಈಗ ತಗ್ಗಿತ್ತು.

“ಹಸಿದು ಬಂದವನಿಗೆ ಅನ್ನಕ್ಕಿಂತ ಮೊದಲು ಬಡಿಸಬೇಕಾದದ್ದು. ಅದಿಲ್ಲದಿದ್ದರೆ ಪಾಯಸವೂ ಗಂಟಲಿಳಿಯದು. ನನ್ನಲ್ಲಿದ್ದಾಗ ನಾನು ಕೊಡಲಿಲ್ಲ. ಈಗ ನನಗೇ ಬೇಕಾಗಿದೆ, ಕೊಡುವವರಿಲ್ಲ. ಏನದು?”

ಸೋವಣ್ಣ ತಲೆ ತಗ್ಗಿಸಿ ನಿಂತ. ಬುಧವಾರದ ಮನೆ ನೆನಪಿಗೆ ಬಂತು. ಅದು ಊರಿಗೇ ದೊಡ್ಡ ಮನೆ. ಪಾಯಸದ ಬಟ್ಟಲನ್ನು ಜಗಲಿಯ ಮೇಲಿಟ್ಟು, ಅವನ ಮುಖವನ್ನೂ ನೋಡದೆ ಒಳಗೆ ಹೋಗುತ್ತಿದ್ದರು. ಆ ಸಿಹಿ ಎಂದೂ ಗಂಟಲಿಳಿಯಲಿಲ್ಲ. ಶನಿವಾರದ ಮನೆ ಕಣ್ಣು ಕಾಣದ ಹೊನ್ನವ್ವನದು. ಅಲ್ಲಿ ನವಣೆಯ ಅಂಬಲಿ ಬಿಟ್ಟರೆ ಬೇರೇನಿಲ್ಲ. ಆದರೆ ಅವನ ಹೆಜ್ಜೆಯ ಸಪ್ಪಳಕ್ಕೇ ಅವಳು ಒಳಗಿನಿಂದ ಒಂದು ಮಾತು ಆಡುತ್ತಿದ್ದಳು.

“ಉತ್ತರ ತಿಳಿಯಿತು, ಅಯ್ಯನವರೇ. ಅದನ್ನು ಹೊರಗೆ ನಿಂತು ಹೇಳಲು ಬರುವುದಿಲ್ಲ. ಹೊಸ್ತಿಲ ಆಚೆ ಒಂದು ಹೆಜ್ಜೆ ಇಡಲೇ?”

“ತಪ್ಪಿದರೆ ಅಲ್ಲೇ ರೆಕ್ಕೆ ಮೂಡುತ್ತದೆ.”

“ಶಿವನಿಚ್ಛೆ” ಎಂದು ಸೋವಣ್ಣ ಹೊಸ್ತಿಲಿಗೆ ಕೈಮುಗಿದು ದಾಟಿದ. ಬಾನಿಯ ನೀರನ್ನು ಚೊಂಬಿಗೆ ತುಂಬಿಕೊಂಡು ಮರದ ಕಡೆಗೆ ತಿರುಗಿದ.

“ಬನ್ನಿ, ಒಳಗೆ ಬನ್ನಿ. ಕೈಕಾಲಿಗೆ ನೀರು ತಗೊಳ್ಳಿ.”

ಎಲೆಗಳು ಸರಸರನೆ ಅಲುಗಿದವು. ಆಮೇಲೆ ಮರದಿಂದ ಮೆಲ್ಲಗೆ ಒಬ್ಬ ಮುದುಕ ಇಳಿದು ಬಂದ. ಕೋರೆಹಲ್ಲಿಲ್ಲ, ಕೆಂಗಣ್ಣಿಲ್ಲ. ಹೊಸ್ತಿಲಲ್ಲಿ ಕುಳಿತು ಅವನು ತನ್ನ ಕತೆ ಹೇಳಿದ. ಒಂದು ಕಾಲಕ್ಕೆ ಈ ಶಾಲೆಗೆ ಅವನೇ ಹಿರಿಯ ಗುರು. ದೂರದಿಂದ ನಡೆದು ಬಂದ ಹುಡುಗನೊಬ್ಬನನ್ನು ಬಾಗಿಲಲ್ಲೇ ನಿಲ್ಲಿಸಿ, ಊರು ಯಾವುದು, ಗುರು ಯಾರು, ಕಾಣಿಕೆ ಏನು ತಂದೆ ಎಂದು ಕೇಳುತ್ತಲೇ ಹೋಗಿದ್ದ. ಹುಡುಗ ಹಸಿವಿನಿಂದ ಅಲ್ಲೇ ಕುಸಿದು ಪ್ರಾಣ ಬಿಟ್ಟ. ಅಂದಿನಿಂದ ಬರೀ ಪ್ರಶ್ನೆ ಕೇಳುತ್ತ ಹೊರಗೇ ಇರುವುದು ಅವನ ಪಾಲಿಗೆ ಬಂತು. ಯಾರಾದರೂ ಒಳಗಿನಿಂದ ಕರೆದರೆ ಮಾತ್ರ ಬಿಡುಗಡೆ. ಇಷ್ಟು ಹೇಳಿ, ಕಾಲಿಗೆ ನೀರು ಹಾಕಿಸಿಕೊಂಡು, ಹೊಸ್ತಿಲು ದಾಟುತ್ತಲೇ ಅವನು ದೀಪದ ಹೊಗೆಯಂತೆ ಕರಗಿಹೋದ.

ಮರದಿಂದ ಹುಡುಗರು ಕತ್ತು ನೀವಿಕೊಳ್ಳುತ್ತ ಒಬ್ಬೊಬ್ಬರಾಗಿ ಇಳಿದರು. ಶಾಸ್ತ್ರಿಗಳು ಯಾರ ಮುಖವನ್ನೂ ನೋಡದೆ ಶಾಲು ಹುಡುಕಿಕೊಂಡರು.

ಅರಸರು ಸಾರಿದ್ದನ್ನೆಲ್ಲ ಕೊಟ್ಟು, ಇನ್ನೇನು ಬೇಕು ಕೇಳು ಎಂದರು. ಊರೂರಿನಿಂದ ಬರುವ ಎಲ್ಲರಿಗೂ ಇಲ್ಲಿ ವಾರಾನ್ನ ನಡೆಯಬೇಕು, ಸೋಮವಾರದ ಮನೆ ಅರಮನೆಯೇ ಆಗಬೇಕು ಎಂದು ಸೋವಣ್ಣ ಬೇಡಿಕೊಂಡ. ಅರಸರು ಒಪ್ಪಿದರು. ಶಾಸ್ತ್ರಿಗಳಿಗೆ ಮಾತ್ರ ತಡೆಯಲಾಗಲಿಲ್ಲ.

“ಬಂದವರನ್ನೆಲ್ಲ ಒಳಗೆ ಕರೆದರೆ ಪರೀಕ್ಷೆಯ ಗತಿಯೇನಪ್ಪಾ?”

“ಪರೀಕ್ಷೆ ಇರಲಿ ಸ್ವಾಮಿ. ಊಟವಾದ ಮೇಲೆ ಇರಲಿ.”

ಕುಂದಲಪುರದಲ್ಲಿ ಆ ಕದಗಳನ್ನು ಮತ್ತೆ ಹಾಕಲಿಲ್ಲ. ಮುಂದೆ ಸೋವಣ್ಣನೇ ಅಲ್ಲಿಯ ಗುರುವಾದ. ಗಂಟು ಹೊತ್ತು ಅಳುಕುತ್ತ ಬಂದ ಮಕ್ಕಳಿಗೆ ಅವನ ಚೊಂಬೇ ಮೊದಲು ಎದುರಾಗುತ್ತಿತ್ತು. ಯಾವ ಊರು, ಯಾರ ಮಗ ಎಂಬುದೆಲ್ಲ ಕೈತೊಳೆದ ಮೇಲಿನ ಮಾತು.