ಎದ್ದು ನಿಲ್ಲದವರು

"ಗುರುಗಳೇ, ತನಗೇ ಕೇಡು ತರುವ ಕಟ್ಟಳೆಯನ್ನು ಊರಿಗೆ ಊರೇ ಒಪ್ಪುವುದುಂಟು. ಅದು ಹೇಗೆ?" ಎಂದು ಶಿಷ್ಯನೊಬ್ಬ ಕೇಳಿದ. ಅವನು ದಿನವೂ ಪ್ರಶ್ನೆ ಕೇಳುವವನು. ಅದಕ್ಕಾಗಿಯೇ ಮಠಕ್ಕೆ ಬಂದವನು.

ಗುರು ಹೇಳಿದರು:

ಒಂದು ಊರಿನ ಸಭೆಯಲ್ಲಿ ಹೀಗೊಂದು ರೂಢಿಯಿತ್ತು. ಗೌಡ ತನ್ನ ಮಾತನ್ನು ಸಭೆಯ ಮುಂದಿಡುತ್ತಿದ್ದ. ಒಪ್ಪದವರು ಎದ್ದು ನಿಲ್ಲಬೇಕು. ಕುಳಿತವರೆಲ್ಲ ಒಪ್ಪಿದಂತೆ.

ಊರಿಗೊಂದು ಗುಡ್ಡವಿತ್ತು. ಅದರ ಹುಲ್ಲು ಎಲ್ಲರದು. ಒಬ್ಬ ದನಗಾಹಿಗೆ ಹೊಲವಿರಲಿಲ್ಲ. ಅವನ ದನಗಳಿಗೆ ಆ ಗುಡ್ಡವಲ್ಲದೆ ಬೇರೆ ಮೇವಿರಲಿಲ್ಲ. ಗೌಡನಿಗೆ ಗುಡ್ಡಕ್ಕೆ ಬೇಲಿ ಹಾಕಬೇಕೆನಿಸಿತು. ಏಕೆಂದು ಅವನು ಯಾರಿಗೂ ಹೇಳಲಿಲ್ಲ.

ಅಷ್ಟರಲ್ಲಿ ಗುಡ್ಡದಲ್ಲಿ ಚಿರತೆಯಿದೆಯೆಂಬ ಸುದ್ದಿ ಊರಿನಲ್ಲಿ ಹಬ್ಬಿತು. ಕರುವೊಂದನ್ನು ಹೊತ್ತೊಯ್ದಿದೆಯಂತೆ. ಯಾರ ಕರು ಎಂದರೆ ಮೇಲಿನ ಕೇರಿಯವರು ಕೆಳಗಿನ ಕೇರಿಯತ್ತ ಕೈ ತೋರಿದರು, ಕೆಳಗಿನವರು ಮೇಲಿನ ಕೇರಿಯತ್ತ. ದಿನವೂ ಗುಡ್ಡ ಹತ್ತುವ ದನಗಾಹಿ ಒಂದು ಹೆಜ್ಜೆಗುರುತನ್ನೂ ಕಂಡಿರಲಿಲ್ಲ.

ಸಭೆ ಸೇರಿತು. "ಗುಡ್ಡವನ್ನು ಮುಚ್ಚಿ ನಮ್ಮ ಕರುಗಳನ್ನು ಉಳಿಸಿಕೊಳ್ಳೋಣ. ಅವನ್ನು ಚಿರತೆಗೆ ಒಪ್ಪಿಸಬೇಕೆನ್ನುವವರು ಎದ್ದು ನಿಲ್ಲಲಿ" ಎಂದ ಗೌಡ.

ದನಗಾಹಿ ಏಳಲೆಂದು ಕೋಲೂರಿದ. ಪಕ್ಕದಲ್ಲಿದ್ದವನು, "ಏನಯ್ಯಾ, ನೀನು ಚಿರತೆಯ ಕಡೆಯವನೋ? ಮನೆಗೆ ಊಟಕ್ಕೆ ಕರೆದಿದೆಯೇನು?" ಎಂದ. ಸುತ್ತಲಿನವರು ನಕ್ಕರು. ದನಗಾಹಿ ಕೋಲನ್ನು ಮೆಲ್ಲನೆ ಮಡಿಲಿಗೆಳೆದುಕೊಂಡ. ಅವನು ಏಳಲಿಲ್ಲ, ಆದ್ದರಿಂದ ಒಪ್ಪಿದ.

ಗುಡ್ಡದ ಸುತ್ತ ಬೇಲಿ ಬಂತು. ಒಳಗಿನಿಂದ ಬಂಡೆ ಒಡೆಯುವ ಸದ್ದು ಕೇಳತೊಡಗಿತು. ಕಲ್ಲು ಹೇರಿದ ಬಂಡಿಗಳು ಗೌಡನ ಅಂಗಳದ ಕಡೆ ಹೋದವು. ಬಡಕಲಾದ ದನಗಳೊಂದಿಗೆ ದನಗಾಹಿ ಬೇಲಿಯ ಬಳಿ ನಿಂತು ಕಾವಲುಗಾರನನ್ನು ಕೇಳಿದ:

"ಅಣ್ಣಾ, ಚಿರತೆ ಕಂಡಿತೇ?"

"ಯಾವ ಚಿರತೆ? ದನ ಬಂದರೆ ಓಡಿಸು ಎಂದಷ್ಟೇ ನನಗೆ ಹೇಳಿದ್ದಾರೆ."

ಮುಂದಿನ ಸಂತೆಗೆ ದನಗಾಹಿ ತನ್ನ ದನಗಳನ್ನೆಲ್ಲ ಹೊಡೆದುಕೊಂಡು ಹೋದ. ಬರುವಾಗ ಕೋಲು ಮಾತ್ರ ಇತ್ತು.

ಗುರು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಿಟ್ಟು ಬಂದಿತ್ತು.

"ಎಂಥ ಹೇಡಿ! ಅವನ ಜಾಗದಲ್ಲಿ ನಾನಿದ್ದಿದ್ದರೆ ಎದ್ದು ನಿಲ್ಲುತ್ತಿದ್ದೆ" ಎಂದ.

ಗುರು ಸುತ್ತ ಕುಳಿತಿದ್ದ ಶಿಷ್ಯರನ್ನೆಲ್ಲ ಒಮ್ಮೆ ನೋಡಿ ಹೇಳಿದರು: "ಇಂದಿನಿಂದ ಈ ಮಠದಲ್ಲಿ ಯಾರೂ ಪ್ರಶ್ನೆ ಕೇಳಕೂಡದು. ಗುರುವಿನಲ್ಲಿ ಭಕ್ತಿಯಿಲ್ಲದವರು ಎದ್ದು ನಿಲ್ಲಲಿ."

ಶಿಷ್ಯ ಏಳಲೆಂದು ಅಂಗೈಯನ್ನು ನೆಲಕ್ಕೂರಿದ. ಅದು ಅಲ್ಲಿಯೇ ಉಳಿಯಿತು.