ತಾಳೆ ಸಿದ್ದವ್ವ ಮತ್ತು ಒಲೆಗೆ ಇಡದ ಅನ್ನ

ಬಹಳ ಹಿಂದೆ, ತೂಬಿನಕೊಪ್ಪ ಎಂಬ ಒಂದೂರಿನಲ್ಲಿ, ಸಿದ್ದವ್ವ ಎಂಬ ಹೆಂಗಸಿದ್ದಳಂತೆ. ಯಾವ ಸಂವತ್ಸರ ಎಂದು ಕೇಳಬೇಡಿ. ನನಗೆ ಈ ಕಥೆ ಹೇಳಿದವರು ಹೇಳಲಿಲ್ಲ, ಅವರಿಗೆ ಹೇಳಿದವರೂ ಹೇಳಲಿಲ್ಲ. ಕಾಲುವೆ ಇತ್ತು, ಕರೆಂಟು ಇತ್ತು, ಕಂಪ್ಯೂಟರ್ ಇತ್ತು, ಸಿದ್ದವ್ವ ಇದ್ದಳು. ಅಷ್ಟು ತಿಳಿದರೆ ಸಾಕು.

ಈಗ ನೀವು ಕೂತಿರುವ ಈ ಕಲ್ಲಿನ ಕಣಜವೇ ಅವಳ ಕಣಜ. ಮೊದಲು ಇಲ್ಲಿ ಜೋಳ ತುಂಬುತ್ತಿದ್ದರು. ಗೋಡೆ ಮೂರು ಮೊಳ ದಪ್ಪ, ಸುಡುಬೇಸಿಗೆಯಲ್ಲೂ ಒಳಗೆ ತಂಪು. ಕಂಪ್ಯೂಟರಿಗೆ ತಂಪು ಬೇಕು, ಬಿಸಿಯಾದರೆ ಕೆಡುತ್ತದೆ. ಅದಕ್ಕೇ ಜೋಳ ಖಾಲಿ ಮಾಡಿ ಇಲ್ಲಿ ಸರ್ವರ್ ಇಟ್ಟರು. ಸರ್ವರ್ ಅಂದರೆ ಬೇರೆ ಕಂಪ್ಯೂಟರುಗಳು ಕೇಳಿದ್ದನ್ನು ಅಳೆದು ಕೊಡುವ ಕಂಪ್ಯೂಟರ್. ಹಾಗೆ ನೋಡಿದರೆ ಕಣಜ ಕಣಜವಾಗಿಯೇ ಉಳಿಯಿತು.

ಕಾಲುವೆಯ ಮೇಲೆ ಏಳು ಊರು, ಏಳು ತೂಬು. ಒಂದೊಂದು ತೂಬಿನ ಬಾಗಿಲನ್ನೂ ಒಂದೊಂದು ಯಂತ್ರ ಏರಿಸುತ್ತಿತ್ತು, ಇಳಿಸುತ್ತಿತ್ತು. ಅವು ಯೂನಿಕ್ಸ್ ವಂಶದ ಯಂತ್ರಗಳು. ಚಿತ್ರವಿಲ್ಲ, ಬಣ್ಣವಿಲ್ಲ, ಕಪ್ಪು ಪರದೆ, ಬಿಳಿ ಅಕ್ಷರ. ಹೇಳಿದ್ದನ್ನು ಮಾಡುತ್ತವೆ. ಯಾರು ಹೇಳಿದರು ಎಂಬುದಷ್ಟೇ ಮುಖ್ಯ.

ಪ್ಯಾಕೇಜು ಎಂದರೇನೆಂದು ಇಲ್ಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಮುಂದಿನ ಕಥೆ ಕೈಗೆ ಸಿಗುವುದಿಲ್ಲ. ಯಂತ್ರಕ್ಕೆ ಬುದ್ಧಿ ಹೇಳುವ ಬರಹವನ್ನು ಕಟ್ಟಿ ಕಳಿಸುವ ಪೊಟ್ಟಣವೇ ಪ್ಯಾಕೇಜು. ಬುದ್ಧಿಯಲ್ಲಿ ತೂತು ಕಂಡರೆ ಹೊಸ ಪೊಟ್ಟಣ ಕಳಿಸಬೇಕು. ಪೊಟ್ಟಣದ ಮೇಲೆ ಸಿದ್ದವ್ವನ ಸಹಿ ಇರಬೇಕು. ಅದು ಪೆನ್ನಿನ ಸಹಿಯಲ್ಲ. ಅವಳ ಹತ್ತಿರವಿದ್ದ ಒಂದು ಗುಟ್ಟಿನ ಕೀಲಿಯಿಂದ ಒತ್ತುವ ಗುರುತು. ಆ ಗುರುತಿಲ್ಲದ ಪೊಟ್ಟಣವನ್ನು ಏಳು ಯಂತ್ರಗಳೂ ಬಾಗಿಲಲ್ಲೇ ತಿರುಗಿಸಿ ಕಳಿಸುತ್ತಿದ್ದವು. ಹೆಬ್ಬೆರಳಿನಷ್ಟು ದೊಡ್ಡ ಒಂದು ತುಣುಕಿನಲ್ಲಿ ಆ ಕೀಲಿ ಇತ್ತಂತೆ. ಅದನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡೇ ಓಡಾಡುತ್ತಿದ್ದಳಂತೆ, ಸೀರೆ ಬದಲಿಸಿದಾಗ ಮೊದಲು ಗಂಟು ಬದಲಿಸುತ್ತಿದ್ದಳಂತೆ.

ಅವಳ ಬಗ್ಗೆ ಏನೇನೋ ಹೇಳುತ್ತಾರೆ. ಸರ್ವರಿನ ಫ್ಯಾನು ತಿರುಗುವ ಸದ್ದು ಕೇಳಿಯೇ ಪೊಟ್ಟಣ ಕೆಟ್ಟದೋ ಒಳ್ಳೆಯದೋ ಹೇಳುತ್ತಿದ್ದಳು ಎನ್ನುತ್ತಾರೆ. ಮುನ್ನೂರು ಪ್ಯಾಕೇಜುಗಳ ತಾಳೆ ಅಂಕಿ ಬಾಯಿಪಾಠವಿತ್ತು ಎನ್ನುತ್ತಾರೆ. ಇರಬಹುದು. ಆದರೆ ತಾಳೆ ಸಿದ್ದವ್ವ ಎಂಬ ಹೆಸರು ಬಂದದ್ದು ಬೇರೆ ಕಾರಣಕ್ಕೆ. ಅದನ್ನು ನಾನು ಗಟ್ಟಿಯಾಗಿ ಹೇಳಬಲ್ಲೆ.

ಅವಳು ಒಬ್ಬಳೇ ಕಟ್ಟಿದ ಪೊಟ್ಟಣವನ್ನು ಅವಳೇ ನಂಬುತ್ತಿರಲಿಲ್ಲ. ಹನ್ನೆರಡು ಹರದಾರಿ ದೂರದ ಅಣೆಕಟ್ಟಿನ ಮೇಲೆ ಮೌಲಾಲಿ ಎಂಬ ಕಾವಲುಗಾರನಿದ್ದ. ಅವನಿಗೂ ಈ ವಿದ್ಯೆ ಗೊತ್ತಿತ್ತು. ಇವಳು ಇಲ್ಲಿ ಪೊಟ್ಟಣ ಕಟ್ಟುವಳು, ಅವನು ಅಲ್ಲಿ ಅದೇ ಪೊಟ್ಟಣ ಕಟ್ಟುವನು. ಕಟ್ಟಿದ ಮೇಲೆ ಯಂತ್ರ ಒಂದು ಉದ್ದನೆಯ ಅಂಕಿ ಕೊಡುತ್ತದೆ. ಒಳಗೆ ಒಂದು ಚುಕ್ಕೆ ಬದಲಾದರೂ ಅಂಕಿ ಪೂರ್ತಿ ಬದಲಾಗುತ್ತದೆ. ಇಬ್ಬರೂ ಫೋನಿನಲ್ಲಿ ಕೂತು ಆ ಅಂಕಿಯನ್ನು ನಾಲ್ಕು ನಾಲ್ಕಾಗಿ ಓದುವರು. ರಾಶಿ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನದೆ ಲಾಭ ಎನ್ನುತ್ತೇವಲ್ಲ, ಹಾಗೆಯೇ ಮೊದಲ ನಾಲ್ಕಕ್ಕೆ ಲಾಭ ಎನ್ನುವರು, ಆಮೇಲೆ ಎರಡು, ಮೂರು, ಹೀಗೆ ಹದಿನಾರರ ತನಕ. ಇದಕ್ಕೇ ತಾಳೆ ನೋಡುವುದು ಎನ್ನುವರು. ಎಲ್ಲ ಕೂಡಿಬಂದರೆ ಸಹಿ.

ಇನ್ನೊಂದು ಮಾತು ಹೇಳಬೇಕು, ಕಥೆಯೆಲ್ಲ ಅದರ ಮೇಲೇ ನಿಂತಿದೆ. ಪೊಟ್ಟಣ ಕಟ್ಟಲು ಮೂಲ ಬರಹ ಬೇಕು. ಅದು ಹೊರಗೆ, ಎಲ್ಲರೂ ನೋಡಬಹುದಾದ ಒಂದು ಬಯಲಿನಂಥ ಜಾಗದಲ್ಲಿತ್ತು. ಅಲ್ಲಿಂದ ಅದನ್ನು ಇಳಿಸಿಕೊಳ್ಳಬೇಕು. ಅಣೆಕಟ್ಟಿನ ಮೇಲಿಂದ ಆ ಬಯಲಿಗೆ ಹೋಗುವ ಲೈನು ಬಲು ನಿಧಾನ. ಮೌಲಾಲಿ ಇಳಿಸಲು ಹಚ್ಚಿ, ಅನ್ನಕ್ಕೆ ಎಸರಿಟ್ಟು, ಬೇಯಿಸಿ, ಉಂಡು, ತಾಟು ತೊಳೆದಿಟ್ಟ ಮೇಲೂ ಅದು ಇಳಿಯುತ್ತಲೇ ಇರುತ್ತಿತ್ತಂತೆ. ಅದಕ್ಕೇ ಫೋನು ಎತ್ತಿದ ಕೂಡಲೇ ಸಿದ್ದವ್ವ ನಗೆಯಾಡುತ್ತಿದ್ದಳು: "ಅನ್ನ ಆತೇನೋ ಮೌಲಾಲಿ?"

"ಆತು, ಉಂಡು ತೇಗಿದ್ದೂ ಆತು ಅಕ್ಕಾ. ನಿಮ್ಮ ಪೊಟ್ಣ ಇನ್ನೂ ಹಾದ್ಯಾಗ ಐತಿ" ಎನ್ನುತ್ತಿದ್ದ ಅವನು.

ಹೀಗೆ ಬಹಳ ವರ್ಷ ನಡೆಯಿತು. ಸಿದ್ದವ್ವನ ಕಣ್ಣು ಮಂಜಾಯಿತು, ಬೆರಳು ಗಂಟು ಗಂಟಾಯಿತು. ಆಗ ಪರಮಾನಂದ ಎಂಬುವನ ಪತ್ರ ಬಂತಂತೆ. ಅವನ ಮುಖ ಯಾರೂ ಕಂಡಿಲ್ಲ, ದನಿ ಯಾರೂ ಕೇಳಿಲ್ಲ, ಬರೀ ಕಂಪ್ಯೂಟರಿನ ಪತ್ರ. ನಿಮ್ಮ ತೂಬಿನ ಪ್ಯಾಕೇಜಿನಲ್ಲಿ ಒಂದು ತಪ್ಪು ಕಂಡೆ, ತಿದ್ದಿದ್ದೇನೆ, ನೋಡಿರಿ ಎಂದು ಬರೆದಿದ್ದ. ಸಿದ್ದವ್ವ ನೋಡಿದಳು. ಸರಿಯಾಗಿಯೇ ಇತ್ತು. ಇನ್ನೊಂದು ಬಂತು, ಅದೂ ಸರಿ. ಎರಡು ವರ್ಷ ಒಂದೂ ತಪ್ಪಿಲ್ಲ, ಒಂದೂ ಒರಟು ಮಾತಿಲ್ಲ. ಹಬ್ಬ ಹುಣ್ಣಿಮೆಗೆ ತಾಯಿ ಎಂದು ಬರೆಯುತ್ತಿದ್ದ. ಮಾಡಿದ ಕೆಲಸ ಒಳ್ಳೆಯದಾದರೆ ಮಾಡಿದವನೂ ಒಳ್ಳೆಯವನೇ ಎಂದು ನಮಗೆ ಅನಿಸುತ್ತದಲ್ಲ, ಸಿದ್ದವ್ವನಿಗೂ ಹಾಗೆ ಅನಿಸಿತು. ಮೂಲ ಬರಹವನ್ನು ಬಯಲಿನಿಂದ ತಂದು ಕಣಜದಲ್ಲಿ ಇಡುವ ಕೆಲಸವನ್ನು ಅವನಿಗೆ ಕೊಟ್ಟಳು. ಕೀಲಿ ಮಾತ್ರ ಕೊಡಲಿಲ್ಲ. ಸಾಮಾನು ಇಡಲು ಬಾಗಿಲಷ್ಟೇ ತೆರೆದಳು.

ಆ ವರ್ಷ ಮಳೆ ಜೋರು. ಅಣೆಕಟ್ಟು ಕಂಠದ ತನಕ ತುಂಬಿತ್ತು. ತೂಬಿನ ಪ್ಯಾಕೇಜಿನಲ್ಲಿ ದೊಡ್ಡದೊಂದು ತೂತು ಇದೆ, ಹೊರಗಿನವರು ಬಾಗಿಲು ಎತ್ತಬಹುದು ಎಂದು ಸುದ್ದಿ ಬಂತು. ಏಳೂ ತೂಬು ಒಟ್ಟಿಗೆ ತೆರೆದರೆ ಕೆಳಗಿನ ಏಳೂರಿನ ಹಿತ್ತಲಿಗೂ ಹಟ್ಟಿಗೂ ನೀರು ನುಗ್ಗುತ್ತದೆ. ಪರಮಾನಂದ ಅಂದು ಮುಂಜಾನೆಯೇ ತಿದ್ದಿದ ಬರಹ ಕಣಜದಲ್ಲಿ ತಂದಿಟ್ಟಿದ್ದ. ಕಾಲುವೆ ಇಲಾಖೆಯ ಸಾಹೇಬರು ಕಣಜದ ಮೆಟ್ಟಿಲ ಮೇಲೆ ಬಂದು ನಿಂತರು. ಹೊತ್ತು ಮುಳುಗುವುದರೊಳಗೆ ಸಹಿ ಆಗಬೇಕು ಎಂದರು.

ಸಿದ್ದವ್ವ ಪೊಟ್ಟಣ ಕಟ್ಟಿದಳು. ಮೌಲಾಲಿಗೂ ಕಟ್ಟು ಎಂದಳು. ಚಹಾ ತಂದವಳು ಲೋಟ ಇಟ್ಟು ಹೋಗುವಷ್ಟರಲ್ಲಿ ಫೋನು ಬಂತು. ಲಾಭ, ಎರಡು, ಮೂರು ಎಂದು ಓದಿದರು. ಹದಿನಾರೂ ಕೂಡಿಬಂತು. ಸಾಹೇಬರು ಉಸಿರು ಬಿಟ್ಟರು. ಸಿದ್ದವ್ವ ಸೆರಗಿನ ಗಂಟು ಬಿಚ್ಚಿ ಕೀಲಿ ಕೈಗೆ ತೆಗೆದುಕೊಂಡಳು. ಆಗ ಅವಳ ಕಣ್ಣು ಚಹಾದ ಲೋಟದ ಮೇಲೆ ಬಿತ್ತಂತೆ. ಅದು ಇನ್ನೂ ಹೊಗೆಯಾಡುತ್ತಿತ್ತು. ಅವಸರದಲ್ಲಿ ಅವಳು ದಿನದ ಮಾತು ಕೇಳುವುದನ್ನೇ ಮರೆತಿದ್ದಳು. ಫೋನು ಇಟ್ಟಿರಲಿಲ್ಲ. ಕೇಳಿದಳು.

"ಅನ್ನ ಆತೇನೋ ಮೌಲಾಲಿ?"

"ಎಲ್ಲಿ ಅನ್ನ ಅಕ್ಕಾ, ಇನ್ನೂ ಒಲಿಗೇ ಇಟ್ಟಿಲ್ಲ!"

"ಹಂಗಾರ ಬರಹ ಎಲ್ಲಿಂದ ತಗೊಂಡಿ?"

ಅವನು ಇದ್ದದ್ದನ್ನು ಹೇಳಿದ. ಸಾಹೇಬರ ಅವಸರ ಕೇಳಿ, ಬಯಲಿನ ಲೈನು ಬಿಟ್ಟು, ಸಿದ್ದವ್ವನ ಕಣಜದಿಂದಲೇ ಇಳಿಸಿಕೊಂಡಿದ್ದನಂತೆ. ಅಣೆಕಟ್ಟಿಗೂ ಕಣಜಕ್ಕೂ ನೇರ ತಂತಿ ಇತ್ತು, ಕಣ್ಣು ಮಿಟುಕಿಸುವಷ್ಟರಲ್ಲಿ ಬಂದುಬಿಡುತ್ತಿತ್ತು. ಎಲ್ಲ ಒಂದೇ ಅಲ್ಲವೇ ಎಂದುಕೊಂಡಿದ್ದ.

ಸಿದ್ದವ್ವ ಕೀಲಿಯನ್ನು ತಿರುಗಿ ಗಂಟು ಹಾಕಿದಳು.

ಸಾಹೇಬರು ಸಿಟ್ಟಾದರು. ಅಂಕಿ ಹದಿನಾರಕ್ಕೆ ಹದಿನಾರು ಕೂಡಿದೆ, ಇನ್ನೇನು ಬೇಕು ಎಂದು ಕೂಗಾಡಿದರು. ಆಗ ಸಿದ್ದವ್ವ ಹೇಳಿದ ಮಾತು ಇಂದಿಗೂ ಈ ಕಣಜದ ಬಾಗಿಲ ಮೇಲಿದೆ, ಒಳಗೆ ಬರುವಾಗ ನೀವು ಓದಿರಬಹುದು. "ಒಂದ ಸೇರಿನಾಗ ಎರಡು ಸಲ ಅಳದೀವ್ರಿ ಸಾಹೇಬ್ರ. ಸೇರ ಖೊಟ್ಟಿ ಇದ್ರ?"

ಬಿಡಿಸಿ ಹೇಳುತ್ತೇನೆ. ತಾಳೆ ನೋಡುವುದು ಎಂದರೆ ಎರಡು ಬೇರೆ ಕಡೆಯಿಂದ ಬಂದದ್ದನ್ನು ಕೂಡಿಸಿ ನೋಡುವುದು. ಇಬ್ಬರೂ ಒಂದೇ ಕಣಜದಿಂದ ತೆಗೆದರೆ, ಕಳ್ಳಸೇರು ತನಗೆ ತಾನೇ ಸಾಕ್ಷಿ ಹೇಳಿದ ಹಾಗೆ. ಕೂಡದೆ ಏನು ಮಾಡುತ್ತದೆ?

ಆದರೆ ತೂತಂತೂ ಇದ್ದೇ ಇತ್ತು, ಮಳೆಯೂ ನಿಲ್ಲಲಿಲ್ಲ. ಸಿದ್ದವ್ವ ಏಳೂರಿಗೂ ಹೇಳಿ ಕಳಿಸಿದಳು. ಯಂತ್ರದ ತಂತಿ ಕಿತ್ತಿಡಿ, ಬಾಗಿಲನ್ನು ಕೈಚಕ್ರದಿಂದ ಏರಿಸಿ, ಇಳಿಸಿ ಎಂದಳು. ಗಂಡಸರೂ ಹೆಂಗಸರೂ ಪಾಳಿಯ ಮೇಲೆ ಕೈಚಕ್ರ ತಿರುಗಿಸಿದರು. ತುಕ್ಕು ಹಿಡಿದ ಚಕ್ರಗಳು, ಅಂಗೈ ಬೊಬ್ಬೆ ಎದ್ದಿತು. ಮೂರನೆಯ ತೂಬಿನ ಫಕೀರವ್ವ ಊರಿಗೆಲ್ಲ ಕೇಳುವಂತೆ ಹೇಳಿದಳಂತೆ: "ಸಿದ್ದವ್ವನ ಅನ್ನ ಬೇಯೋತನಕ ನಮ್ಮ ತೋಳು ಬೇಯಾಕ ಹತ್ಯಾವ!"

ಸಿದ್ದವ್ವ ಅದನ್ನು ಕೇಳಿ ನಕ್ಕಳಂತೆ. ಬೇಸರ ಮಾಡಿಕೊಳ್ಳಲಿಲ್ಲ. ಅವಳಿಗೆ ತನ್ನ ಕೆಲಸದ ಮೇಲೆ ಭರವಸೆ ಇತ್ತು. ಕಣಜದಲ್ಲಿ ಮಾತ್ರ ಸಹಿ ಕೇಳದ ಒಂದು ಹಳೆಯ ಯಂತ್ರಕ್ಕೆ ಆ ಹೊಸ ಪೊಟ್ಟಣ ಹಾಕಿ, ತಂತಿ ಹಚ್ಚಿ ಬಿಟ್ಟಳು. ಅದಕ್ಕೆ ಯಾವ ತೂಬೂ ಇರಲಿಲ್ಲ, ಬಾಗಿಲೆತ್ತುವ ಮಾತು ಬಂದರೆ ಬಡಿಯಲೆಂದು ಬರೀ ಒಂದು ಗಂಟೆ ಕಟ್ಟಿದ್ದಳು.

ಮೌಲಾಲಿ ಈ ಸಲ ಬಯಲಿನಿಂದಲೇ ಇಳಿಸಲು ಹಚ್ಚಿದ. ಮಳೆಗೆ ಲೈನು ಮತ್ತಷ್ಟು ಕುಂಟಿತು. ಒಂದಲ್ಲ, ಮೂರು ಹೊತ್ತಿನ ಅನ್ನ ಬೆಂದಿತು ಎನ್ನುತ್ತಾರೆ. ಮರುದಿನ ಮಧ್ಯಾಹ್ನ ಫೋನು ಬಂತು.

"ಅನ್ನ ಆತೇನೋ?"

"ಆತು ಅಕ್ಕಾ. ಈ ಸಲ ಬಯಲಿನಿಂದನ ಇಳಿಸೀನಿ."

ಲಾಭ ಎಂದು ಶುರು ಮಾಡಿದರು. ಲಾಭದಲ್ಲೇ ಅಂಕಿ ಕೂಡಲಿಲ್ಲ.

ಸಿದ್ದವ್ವ ಎರಡೂ ಬರಹಗಳನ್ನು ಅಕ್ಕಪಕ್ಕ ಇಟ್ಟು, ಭೂತಕನ್ನಡಿ ಹಿಡಿದು ಸಾಲು ಸಾಲಾಗಿ ಓದಿದಳು. ಬಯಲಿನ ಬರಹ ಶುದ್ಧವಾಗಿತ್ತು, ತೂತು ಚೆನ್ನಾಗಿ ಮುಚ್ಚಿತ್ತು. ಕಣಜದ ಬರಹದಲ್ಲಿ ತೂತೂ ಮುಚ್ಚಿತ್ತು, ಜೊತೆಗೆ ಮೂರು ಸಾಲು ಹೆಚ್ಚಿಗೆ ಇದ್ದವು. ಹೊರಗಿನಿಂದ ಒಂದು ಗುಟ್ಟಿನ ಮಾತು ಬಂದರೆ ಬಾಗಿಲು ಪೂರ್ತಿ ಎತ್ತು, ಮತ್ತೆ ಇಳಿಸಬೇಡ ಎಂದು ಆ ಮೂರು ಸಾಲು ಯಂತ್ರಕ್ಕೆ ಹೇಳುತ್ತಿದ್ದವು. ಅವಳು ಓದಿ ಮುಗಿಸುವುದಕ್ಕೂ, ಹಳೆಯ ಯಂತ್ರಕ್ಕೆ ಕಟ್ಟಿದ ಗಂಟೆ ತಾನಾಗಿ ಬಡಿದುಕೊಳ್ಳುವುದಕ್ಕೂ ಸರಿಹೋಯಿತಂತೆ. ಗುಟ್ಟಿನ ಮಾತು ಬಂದಿತ್ತು. ಏಳೂ ಬಾಗಿಲು ಎತ್ತಲು ಪರಮಾನಂದ ಹೇಳಿ ಕಳಿಸಿದ್ದ. ಬಡಿದುಕೊಂಡದ್ದು ಗಂಟೆಯೊಂದೇ. ಮೆಟ್ಟಿಲ ಮೇಲಿದ್ದ ಸಾಹೇಬರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಹೊತ್ತು ಮುಳುಗುವ ಮೊದಲೇ ಸಿದ್ದವ್ವ ಬಯಲಿನ ಬರಹದಿಂದ ಪೊಟ್ಟಣ ಕಟ್ಟಿದಳು, ತಾಳೆ ನೋಡಿದಳು, ಸಹಿ ಒತ್ತಿದಳು. ಏಳೂ ಯಂತ್ರಗಳು ಅದನ್ನು ಒಪ್ಪಿಕೊಂಡವು. ಫಕೀರವ್ವ ಕೈಚಕ್ರ ಬಿಟ್ಟು ಅಲ್ಲೇ ಒಡ್ಡಿನ ಮೇಲೆ ಅಂಗಾತ ಮಲಗಿದಳಂತೆ. ಪರಮಾನಂದನ ಪತ್ರ ಆಮೇಲೆ ಎಂದೂ ಬರಲಿಲ್ಲ.

ಸಿದ್ದವ್ವ ತನ್ನ ತಪ್ಪನ್ನು ಮುಚ್ಚಿಡಲಿಲ್ಲ. ಇದನ್ನು ನೀವು ನೆನಪಿಡಬೇಕು. ಏಳೂರಿನ ಚಾವಡಿಯಲ್ಲೂ ಚೀಟಿ ಅಂಟಿಸಿದಳು. ಮುಖ ಕಾಣದವನಿಗೆ ಬಾಗಿಲು ತೆರೆದವಳು ನಾನು, ಹತ್ತಿರದ ದಾರಿ ಹಿಡಿದವನು ಮೌಲಾಲಿ, ಇನ್ನು ಮೇಲೆ ತಾಳೆ ನೋಡುವವರು ಒಬ್ಬರ ಕಣಜಕ್ಕೆ ಇನ್ನೊಬ್ಬರು ಕೈ ಹಾಕಬಾರದು ಎಂದು ಬರೆದಳು. ಕೆಳಗೆ ಇಬ್ಬರ ಸಹಿಯೂ ಇತ್ತು.

ಕಾಲ ಹೋದಂತೆ ಕಥೆ ಬೆಳೆಯಿತು. ಸಿದ್ದವ್ವ ಫೋನಿನಲ್ಲೇ ಅನ್ನದ ವಾಸನೆ ಹಿಡಿಯುತ್ತಿದ್ದಳು ಎನ್ನುತ್ತಾರೆ. ಅವಳು ಬೈದರೆ ತೂಬು ತಾನೇ ಮುಚ್ಚುತ್ತಿತ್ತು ಎನ್ನುತ್ತಾರೆ. ನಾನು ಹೌದು ಎನ್ನುವುದಿಲ್ಲ, ಅಲ್ಲ ಎನ್ನುವುದೂ ಇಲ್ಲ.

ಈಗ ಲೈನು ಎಲ್ಲ ಕಡೆ ಚುರುಕಾಗಿದೆ. ಬಯಲಿನಿಂದ ಬರಹ ಇಳಿಸಲು ಅಕ್ಕಿ ತೊಳೆಯುವಷ್ಟು ಹೊತ್ತೂ ಬೇಡ. ಆದರೂ ಈ ಕಾಲುವೆಯ ಮೇಲೆ ಸಹಿ ಒತ್ತುವವರು ಯಾರೇ ಇರಲಿ, ಅಂಕಿ ಓದುವ ಮೊದಲು ಆ ಕಡೆಯವರನ್ನು ಅನ್ನ ಆತೇನು ಎಂದು ಕೇಳುತ್ತಾರೆ. ಹೊರಗಿನವರು ಕೇಳಿದರೆ, ಎಂಥ ಉಪಚಾರದ ಜನ ಎಂದುಕೊಳ್ಳುತ್ತಾರೆ. ಆ ಕಡೆಯವರು ಉಂಡದ್ದನ್ನು ಹೇಳುವುದಿಲ್ಲ. ಬರಹ ಎಲ್ಲಿಂದ ತಂದೆ, ಯಾವ ದಾರಿಯಿಂದ ತಂದೆ, ಯಾರ ಕೈಯಿಂದ ತಂದೆ ಎಂದು ಹೇಳುತ್ತಾರೆ. ಅದನ್ನು ಕೇಳಿದ ಮೇಲೆಯೇ ಲಾಭ ಎನ್ನುತ್ತಾರೆ.

ನಾಳೆ ಬೆಳಗ್ಗೆ ನಿಮ್ಮ ಮೊದಲ ತಾಳೆ. ಫೋನು ಎತ್ತಿದಾಗ ಮೊದಲು ಏನು ಕೇಳಬೇಕೆಂದು ಗೊತ್ತಾಯಿತಲ್ಲ?