ಒಂದು ತಿಂಗಳ ಬುತ್ತಿ

ತುಂಗಭದ್ರೆಯ ದಂಡೆಯ ಮೇಲೊಂದು ಮಠ. ಮಠ ಅಂದ ಕೂಡಲೇ ಕಮಾನು, ಆನೆ, ಪಲ್ಲಕ್ಕಿ ಅಂತೆಲ್ಲ ಕಣ್ಣಿಗೆ ತಂದುಕೊಳ್ಳಬೇಡಿ. ಒಂದು ಹುಣಸೆಮರ, ನಾಲ್ಕು ಹೆಂಚಿನ ಕೋಣೆ, ಒಂದು ದಾಸೋಹದ ಒಲೆ. ಅಷ್ಟೇ.

ಅಲ್ಲಿಯ ಗುರುಗಳು ಹಾಲಯ್ಯಜ್ಜ. ಜನ ಅವರನ್ನು ಅಜ್ಜಾರು ಅನ್ನುತ್ತಿದ್ದರು. ಮಾತು ಬಲು ಕಡಿಮೆ. ಆಡಿದರೋ, ಕೇಳಿದವನು ತಲೆ ಕೆರೆದುಕೊಳ್ಳುತ್ತ ಕೂರಬೇಕು.

ಆ ಮಠಕ್ಕೊಂದು ಕಟ್ಟಳೆ ಇತ್ತು. ಓದು ಮುಗಿಸಿದ ಶಿಷ್ಯನಿಗೆ ದೀಕ್ಷೆಗೆ ಮುಂಚೆ ಒಂದು ತಿಂಗಳ ಬಿಡುವು. ಎಲ್ಲಿಗೆ ಬೇಕಾದರೂ ಹೋಗಿ ಬರಬಹುದು. ಕೈಗೆ ಒಂದು ಚೀಲ ಹುರಿಹಿಟ್ಟು, ಒಂದು ಅಚ್ಚು ಬೆಲ್ಲ. ದುಡ್ಡಿನ ಮಾತೇ ಇಲ್ಲ. ದಾರಿಯಲ್ಲಿ ಬೇಡಿ ತಿನ್ನುವಂತಿಲ್ಲ. ಬುತ್ತಿ ಕೈಗೆ ಬಂದ ಗಳಿಗೆಯಿಂದ ಮಠದ ಒಲೆಯ ಅನ್ನವೂ ಇಲ್ಲ. ಹಿಟ್ಟು ಎಷ್ಟು ದೂರ ನಡೆಸುತ್ತದೋ ಅಷ್ಟೇ ಲೋಕ.

ತಿರುಗಿ ಬಂದ ಮೇಲೆ ದೀಕ್ಷೆ. ದೀಕ್ಷೆಯಾದವನು ಬದುಕಿರುವ ತನಕ ಹೊಳೆ ದಾಟುವಂತಿಲ್ಲ.

ಆ ವರ್ಷ ಕೊಟ್ರಯ್ಯನ ಸರದಿ. ಚಿಕ್ಕಂದಿನಲ್ಲೇ ಮಠಕ್ಕೆ ಬಂದವನು ಅವನು. ಹೊಳೆ ದಾಟಿಸುವ ಹರಗೋಲಿನಿಂದ ಇಳಿಯುವ ಪರಸ್ಥಳದವರ ಧೂಳುಗಾಲು ನೋಡುತ್ತಲೇ ಬೆಳೆದಿದ್ದ. ಆ ಧೂಳು ಯಾವ ಊರಿನದು, ಆ ಊರಲ್ಲಿ ಏನಿದೆ ಅಂತ ಒಬ್ಬೊಬ್ಬರನ್ನೂ ನಿಲ್ಲಿಸಿ ಕೇಳುತ್ತಿದ್ದ.

ಅಜ್ಜಾರು ಅವನ ಕೈಗೆ ಚೀಲ ಕೊಟ್ಟರು.

“ಎಲ್ಲಿಗೆ ಹೊರಟೆಯೋ?”

“ಕಾಶಿಗೆ, ಅಜ್ಜಾರೇ.”

ದಾಸೋಹದ ಒಲೆ ನೋಡಿಕೊಳ್ಳುವ ಚಂಬಸಪ್ಪ ಅಲ್ಲೇ ನಿಂತಿದ್ದ. ಅವನಿಗೆ ನಗು ತಡೆಯಲಿಲ್ಲ.

“ಅಯ್ಯೋ ಮಾರಾಯ, ಈ ಚೀಲ ಹೊತ್ಕೊಂಡು ಕಾಶಿಗಾ? ತಿಂಗಳು ತುಂಬೋ ಹೊತ್ತಿಗೆ ಅರ್ಧ ದಾರೀಲಿ ಗಾಳಿ ತಿನ್ನುತಾ ಇರ್ತೀಯ. ಹಾಸಿಗೆ ಇದ್ದಷ್ಟು ಕಾಲು ಚಾಚಪ್ಪ.”

“ಹಂಗಾದ್ರೆ ಶ್ರೀಶೈಲ,” ಅಂದ ಕೊಟ್ರಯ್ಯ. “ಅಲ್ಲ, ಪಂಢರಪುರ. ಅಲ್ಲಲ್ಲ, ಗೋಕರ್ಣಕ್ಕೆ ಹೋದರೆ ಸಮುದ್ರ ಕಾಣುತ್ತೆ. ನಾನು ಸಮುದ್ರ ನೋಡಿಲ್ಲ.”

“ಯಾವುದು ಅಂತ ಗಟ್ಟಿ ಮಾಡಿಕೊಂಡು ಹೊರಡು,” ಅಂದರು ಅಜ್ಜಾರು.

ಗಟ್ಟಿ ಮಾಡಿಕೊಳ್ಳಲು ಕೊಟ್ರಯ್ಯ ಹೊಳೆಯ ದಂಡೆಯಲ್ಲಿ ಕೂತ. ಬಿಸಿಲೇರಿತು, ಹಸಿವಾಯಿತು. ಹಿಟ್ಟಿಗೆ ನೀರು ಬೆರೆಸಿ, ಬೆಲ್ಲ ಕಲಸಿ, ಒಂದು ಮುದ್ದೆ ಬಾಯಿಗೆ ಹಾಕಿದ. ಮುಖ ಕಿವುಚಿ, ಅತ್ತ ಬಂದ ಅಜ್ಜಾರ ಕಡೆ ತಿರುಗಿದ.

“ಇದೇನು ಅಜ್ಜಾರೇ, ಹಿಟ್ಟಿಗೆ ಶುಂಠಿ ಜಾಸ್ತಿ ಹಾಕಿದ್ದಾರೆ.”

“ಹೌದಾ? ಯಾರೋ ಕೆಮ್ಮೋ ಹುಡುಗನಿಗೆ ಅಂತ ಮಾಡಿದ್ದಿರಬೇಕು,” ಅಂದು ಅಜ್ಜಾರು ಒಳಗೆ ನಡೆದರು.

ಕೊಟ್ರಯ್ಯ ಬೆಲ್ಲ ಜಾಸ್ತಿ ಹಾಕಿಕೊಂಡು ನುಂಗಿದ.

ಮರುದಿನ ಶ್ರೀಶೈಲದಿಂದ ಬಂದವನೊಬ್ಬ ಸಿಕ್ಕಿದ. “ಕಾಡು ಅಂದರೆ ಕಾಡು ಕಣಪ್ಪ. ಬೆಟ್ಟ ಹತ್ತಿ ನಿಂತರೆ ಅಳು ಬರುತ್ತೆ, ಯಾಕೆ ಅಂತ ಗೊತ್ತಾಗಲ್ಲ,” ಅಂದ. ಕೊಟ್ರಯ್ಯನಿಗೂ ಅಲ್ಲಿ ನಿಂತು ಅಳಬೇಕು ಅನ್ನಿಸಿತು. ಶ್ರೀಶೈಲವೇ ಸೈ ಅಂದುಕೊಂಡ.

ಅದರ ಮರುದಿನ ಪಂಢರಪುರದ ಮುದುಕಿಯೊಬ್ಬಳು ಹರಗೋಲಿನಿಂದ ಇಳಿದಳು. “ಅಲ್ಲಿ ದೇವರ ಕಾಲು ಮುಟ್ಟಬಹುದು ಮಗಾ. ಮುಟ್ಟಿದರೆ ಮನೆಯವರ ಕಾಲು ಮುಟ್ಟಿದ ಹಾಗೇ ಬೆಚ್ಚಗಿರುತ್ತೆ,” ಅಂದಳು. ಕೊಟ್ರಯ್ಯನ ಮನಸ್ಸು ಅತ್ತ ವಾಲಿತು.

ಆಮೇಲೆ ಉಪ್ಪಿನ ವ್ಯಾಪಾರಿ ಬಂದ. “ಸಮುದ್ರ ಅಂದರೆ ಏನು ಹೇಳಲಿ? ಆಚೆ ದಂಡೆಯೇ ಇಲ್ಲ,” ಅಂದ.

ಆಚೆ ದಂಡೆಯೇ ಇಲ್ಲದ ನೀರು! ಆ ದಿನವೆಲ್ಲ ಕೊಟ್ರಯ್ಯ ಹೊಳೆಯ ಆಚೆ ದಂಡೆ ನೋಡುತ್ತ ಕೂತ. ಅಲ್ಲಿ ಮುತ್ತುಗದ ಮರಗಳು, ಅವುಗಳ ಹಿಂದೆ ಯಾರ ಮನೆಯದೋ ಹೊಗೆ. ಆ ಹೊಗೆ ಕಂಡದ್ದೇ ಅವನು ಕಣ್ಣು ಬೇರೆ ಕಡೆ ತಿರುಗಿಸಿದ.

ಹೀಗೆ ದಿನ ಹೋಯಿತು, ಹಿಟ್ಟೂ ಹೋಯಿತು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದಂತೆ. ಇನ್ನು ಒಂದು ಚೀಲ ಹಿಟ್ಟು ಯಾವ ಲೆಕ್ಕ! ನಡೆಯುವವನಾದರೆ ಅಳೆದು ತಿನ್ನುತ್ತಾನೆ. ಯೋಚನೆ ಮಾಡುವವನಿಗೆ ಕೈ ಚೀಲದೊಳಗೇ ಇರುತ್ತದೆ.

ಒಂದು ಬೆಳಿಗ್ಗೆ ಅಜ್ಜಾರು ಸ್ನಾನಕ್ಕೆ ಬಂದವರು ಅವನ ಪಕ್ಕದಲ್ಲಿದ್ದ ಚೀಲವನ್ನು ಒಂದು ಕೈಯಲ್ಲಿ ಎತ್ತಿ ತೂಕ ನೋಡಿದರು.

“ಶ್ರೀಶೈಲ ಹೋಯಿತು,” ಅಂದರು. ಕೆಳಗಿಟ್ಟು ನೀರಿಗಿಳಿದರು.

ಕೊಟ್ರಯ್ಯ ನೋಡಿಯೇ ಇಲ್ಲದ ಬೆಟ್ಟಕ್ಕಾಗಿ ಸತ್ತ ನೆಂಟರಿಗೆ ಅತ್ತ ಹಾಗೆ ಅತ್ತ. ಅತ್ತು ಸುಸ್ತಾಗಿ ಎರಡು ಮುದ್ದೆ ತಿಂದ.

ಮತ್ತೊಂದು ಬೆಳಿಗ್ಗೆ ಅಜ್ಜಾರು ಮತ್ತೆ ಚೀಲ ಎತ್ತಿದರು.

“ಪಂಢರಪುರ ಹೋಯಿತು.”

“ಅಜ್ಜಾರೇ, ನೀವೇ ಒಂದು ಊರು ಹೇಳಿಬಿಡಿ,” ಅಂದ ಕೊಟ್ರಯ್ಯ ಕೈ ಮುಗಿದು. “ಇರೋದು ಒಂದೇ ತಿಂಗಳು. ಆಮೇಲೆ ಜೀವಮಾನ ಪೂರ್ತಿ ಈ ದಂಡೆ. ತಪ್ಪು ಊರಿಗೆ ಹೋಗಿಬಿಟ್ಟರೆ ಸಾಯೋ ತನಕ ಕೊರಗು ಉಳಿಯುತ್ತೆ.”

“ಹೇಳಿದರೆ ಹೋಗ್ತೀಯಾ?”

“ಹೋಗ್ತೀನಿ.”

ಅಜ್ಜಾರು ಅವನ ಮುಖವನ್ನೇ ನೋಡಿದರು.

“ಗೋಕರ್ಣ ಇನ್ನೂ ಚೀಲದಲ್ಲಿದೆ,” ಅಂದರು. “ಇವತ್ತೇ ಎದ್ದರೆ.”

ಎದ್ದೇ ಬಿಟ್ಟ ಕೊಟ್ರಯ್ಯ! ಚೀಲ ಹೆಗಲಿಗೇರಿಸಿ ಹರಗೋಲಿಗೆ ಓಡಿದ. ಚಂಬಸಪ್ಪ ಒಲೆ ಬಿಟ್ಟು ಹೊರಗೆ ಬಂದು, “ಶಿವನೇ, ಇವತ್ತು ಹೊಳೆ ಹಿಂದಕ್ಕೆ ಹರಿದರೂ ಹರಿದೀತು,” ಅಂದ.

ಕೊಟ್ರಯ್ಯ ಹರಗೋಲಿನಲ್ಲಿ ಕೂತು ಅಂಬಿಗನನ್ನು ಕೇಳಿದ, “ಗೋಕರ್ಣಕ್ಕೆ ದಾರಿ ಹೆಂಗಪ್ಪ?”

“ಒಂದೇ ದಾರಿ. ಆಚೆ ದಂಡೆ ಹತ್ತಿ ನೆಟ್ಟಗೆ ನಡೆದರೆ ಸಂಜೆಗೆ ಮುತ್ತುಗನಹಳ್ಳಿ. ಊರೊಳಗೇ ಹಾದು ಹೋಗಬೇಕು.”

ಕೊಟ್ರಯ್ಯ ಎದ್ದು ನಿಂತ. ಹರಗೋಲು ಒಂದು ಸುತ್ತು ತಿರುಗಿತು. “ನಿಲ್ಲಿಸು, ನಿಲ್ಲಿಸು,” ಅಂತ ಮೊಳಕಾಲುದ್ದ ನೀರಿಗೆ ಹಾರಿ ದಂಡೆಗೆ ವಾಪಸು ಬಂದ.

ಅಜ್ಜಾರು ಹುಣಸೆಮರದ ಕೆಳಗೇ ಕೂತಿದ್ದರು.

“ಏನೋ, ಸಮುದ್ರ ಇಷ್ಟು ಬೇಗ ನೋಡಿಕೊಂಡು ಬಂದೆಯಾ?”

“ಆ ದಾರಿ ಬೇಡ, ಅಜ್ಜಾರೇ.”

“ದಾರಿಗೆ ಏನಾಗಿದೆ?”

ಕೊಟ್ರಯ್ಯ ಒದ್ದೆ ಧೋತರ ಹಿಂಡತೊಡಗಿದ. ದಾರಿ ಚೆನ್ನಾಗಿಯೇ ಇತ್ತು. ಮುತ್ತುಗನಹಳ್ಳಿಯಲ್ಲಿ ಅವನ ಅಕ್ಕ ತುಂಗವ್ವ ಇದ್ದಳು.

ತಾಯಿ ತೀರಿಕೊಂಡಾಗ ಕೊಟ್ರಯ್ಯ ಕೂಸು. ಎತ್ತಿ ಆಡಿಸಿ, ಉಣಿಸಿ ದೊಡ್ಡವನನ್ನು ಮಾಡಿದವಳು ಅಕ್ಕ. ಮದುವೆಯಾದಾಗ ಗಂಡನ ಮನೆಗೂ ತಮ್ಮನನ್ನು ಕಟ್ಟಿಕೊಂಡೇ ಹೋದಳು. ಅತ್ತೆಯ ಮನೆಯಲ್ಲಿ ಈ ಹುಡುಗ ಉಂಡ ತುತ್ತಿಗೆಲ್ಲ ಮಾತು ಬರತೊಡಗಿತು. ಒಂದು ದಿನ ತುಂಗವ್ವ ಅವನನ್ನು ಹೊಳೆ ದಾಟಿಸಿ ಮಠಕ್ಕೆ ತಂದು ಬಿಟ್ಟಳು. “ದೀಪಾವಳಿಗೆ ಬರ್ತೀನಿ ಕಂದಾ,” ಅಂದಳು.

ಬಂದಳು ಕೂಡ. ಹೊಸ ಅಂಗಿ ಹೊಲಿಸಿಕೊಂಡು ಬಂದಿದ್ದಳು.

ಹುಡುಗನಿಗೆ ಎಲ್ಲಿತ್ತೋ ಅಷ್ಟು ಸಿಟ್ಟು! ಇದೇ ಹುಣಸೆಮರ ಹತ್ತಿ ಕೂತ. ಅಕ್ಕ ಕೆಳಗೆ ನಿಂತು ಕರೆದಳು, ಗೋಗರೆದಳು. ಅವನು ಎಲೆಗಳ ಮರೆಯಲ್ಲಿ ಹಲ್ಲು ಕಚ್ಚಿ ಕೂತ, ಇಳಿಯಲಿಲ್ಲ. ಹೊತ್ತು ಮುಳುಗುವಾಗ ಅಂಬಿಗ ಕೂಗಿ ಕರೆದ. ಅಂಗಿಯನ್ನು ಮರದ ಬೇರಿನ ಮೇಲಿಟ್ಟು ಅಕ್ಕ ಹೋದಳು. ಮತ್ತೆ ಬರಲಿಲ್ಲ.

ಅವತ್ತಿನಿಂದ ಅವನಿಗೆ ದೂರದ ಊರುಗಳ ಹುಚ್ಚು. ಎಷ್ಟು ದೂರವೋ ಅಷ್ಟು ಚೆಂದ.

“ಗೋಕರ್ಣವೂ ಹೋಯಿತು,” ಅಂದರು ಅಜ್ಜಾರು, ಯಾರಿಗೂ ಅಲ್ಲ ಅನ್ನುವ ಹಾಗೆ.

ಇನ್ನು ಎಲ್ಲಿಗೆ ಅಂತ ಕೊಟ್ರಯ್ಯ ಯೋಚಿಸುವುದನ್ನೂ ಬಿಟ್ಟ. ಮರದ ಬುಡಕ್ಕೆ ಒರಗಿ ಕೂತವನು ಕೂತೇ ಇದ್ದ. ಹರಗೋಲು ಬರುತ್ತಿತ್ತು, ಹೋಗುತ್ತಿತ್ತು. ಬೆಲ್ಲ ಮುಗಿಯಿತು. ತಿಂಗಳಿಗೆ ಇನ್ನೂ ದಿನಗಳಿದ್ದವು, ಆದರೆ ಒಂದು ಮುಂಜಾನೆ ಚೀಲ ಕೊಡವಿದರೆ ಎರಡೇ ಹಿಡಿ ಹಿಟ್ಟು ಬಿತ್ತು.

ನೀರನ್ನೂ ಬೆರೆಸದೆ ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡ. ಮುಗಿದೇ ಹೋಗುತ್ತದಲ್ಲ ಅಂತ ನಿಧಾನವಾಗಿ ಚಪ್ಪರಿಸಿದ.

ರಾಗಿ ಚೂರು ಕಪ್ಪಗೆ ಸೀದಿತ್ತು. ಹಿಂದೆಯೇ ಶುಂಠಿ, ಗಂಟಲಿಗೆ ಚುರುಗುಟ್ಟುವಷ್ಟು.

ಅವನ ಕೈ ಅಲ್ಲೇ ನಿಂತಿತು.

ಚಿಕ್ಕಂದಿನಲ್ಲಿ ಅವನಿಗೆ ಸದಾ ಕೆಮ್ಮು. ಅಕ್ಕ ಹಿಟ್ಟು ಬೀಸುವಾಗಲೆಲ್ಲ ಒಣಶುಂಠಿ ಕುಟ್ಟಿ ಬೆರೆಸುತ್ತಿದ್ದಳು. “ಖಾರ, ಬ್ಯಾಡ,” ಅಂತ ಅವನು ಬಾಯಿ ಮುಚ್ಚಿಕೊಂಡರೆ, “ತಿನ್ನು ನನ್ನಪ್ಪ, ಕೆಮ್ಮು ಊರು ಬಿಟ್ಟು ಓಡಲಿ,” ಅಂತ ಮೂಗು ಹಿಡಿದು ತಿನ್ನಿಸುತ್ತಿದ್ದಳು. ರಾಗಿ ಹುರಿಯುವಾಗ ಇವನ ಕಡೆ ನೋಡುತ್ತ ನೋಡುತ್ತ ಸೀಯಿಸುತ್ತಿದ್ದಳು, ಪ್ರತಿ ಸಲವೂ.

ಉಳಿದ ಹಿಟ್ಟನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಅವನು ಅಜ್ಜಾರ ಕೋಣೆಗೆ ಓಡಿದ.

“ಈ ಹಿಟ್ಟು ಯಾರದು?”

“ಮಠದ್ದು.”

“ಮಠಕ್ಕೆ ಯಾರು ಕೊಟ್ಟರು ಅಜ್ಜಾರೇ? ನಿಜ ಹೇಳಿ.”

“ವರ್ಷಾ ವರ್ಷ ಸುಗ್ಗಿಯಾದ ಮೇಲೆ ಅಂಬಿಗ ಒಂದು ಚೀಲ ತಂದು ಇಳಿಸ್ತಾನೆ. ಈ ವರ್ಷವೂ ತಂದ. ಹೆಸರು ಹೇಳಬೇಡ ಅಂದಿದ್ದಾಳಂತೆ, ಕೊಟ್ಟವಳು.”

ಕೊಟ್ರಯ್ಯ ಬಾಗಿಲಿಗೆ ಆತುಕೊಂಡ.

“ಇಷ್ಟು ವರ್ಷ ನನಗೆ ಗೊತ್ತೇ ಆಗಲಿಲ್ಲ.”

“ಕೆಮ್ಮು ಬಂದಾಗಲೆಲ್ಲ ಚಂಬಸಪ್ಪ ನಿನಗೆ ಅಂಬಲಿ ಕಾಯಿಸಿ ಕೊಡ್ತಿದ್ದನಲ್ಲ, ಯಾವ ಹಿಟ್ಟಿನದು ಅಂದುಕೊಂಡಿದ್ದೆ? ಮೂಗು ಕಟ್ಟಿದವನಿಗೆ ರುಚಿ ಎಲ್ಲಿ ತಿಳಿಯುತ್ತೆ ಬಿಡು.”

“ನೀವಾದರೂ ಹೇಳಬಾರದಿತ್ತೇ?”

“ಶುಂಠಿ ಜಾಸ್ತಿ ಅಂತ ಮೊದಲ ದಿನ ನೀನೇ ನನಗೆ ಹೇಳಿದೆಯಲ್ಲೋ.”

ಕೊಟ್ರಯ್ಯ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ. ಶ್ರೀಶೈಲಕ್ಕೆ ಅತ್ತಂಥ ಅಳುವಲ್ಲ ಅದು. ಅವನಿಗೆ ಅಕ್ಕ ಬೇಕಾಗಿದ್ದಳು. ಅಷ್ಟು ವರ್ಷವೂ ಬೇಕಾಗಿದ್ದವಳು ಅವಳೊಬ್ಬಳೇ.

ಅಜ್ಜಾರು ತಡೆಯಲಿಲ್ಲ. ಅಳು ಇಳಿದ ಮೇಲೆ ಒಂದು ಚೊಂಬು ನೀರು ಅವನ ಮುಂದಿಟ್ಟರು.

“ನಾನು ಹೋದರೆ ಅವಳು ಮುಖ ತಿರುಗಿಸಿದರೆ?”

“ಅವತ್ತು ನೀನು ಮರದ ಮೇಲಿದ್ದೆ. ಅವಳ ಮುಖ ನೋಡಿದವನು ನಾನು. ಎದ್ದು ಮುಖ ತೊಳಿ.”

ಅವನು ಮುಖ ತೊಳೆದ. ಉಳಿದ ಹಿಟ್ಟನ್ನು ಸೆರಗಿನ ತುದಿಗೆ ಕಾಸು ಕಟ್ಟಿಕೊಳ್ಳುವ ಹೆಂಗಸಿನ ಜೋಪಾನದಲ್ಲಿ ಧೋತರದ ಅಂಚಿಗೆ ಗಂಟು ಹಾಕಿಕೊಂಡ. ಅಜ್ಜಾರು ಖಾಲಿ ಚೀಲವನ್ನು ಮಡಚಿ ತಾವೇ ಅವನ ಹೆಗಲಿಗೆ ಹಾಕಿದರು. ಇಬ್ಬರೂ ಹೊಳೆಗೆ ಇಳಿದು ಬಂದರು.

ಅಂಬಿಗ ಹರಗೋಲು ಹಿಡಿದು ನಿಂತಿದ್ದ. ಈ ಸಲ ಹಾರುವುದಿಲ್ಲ ತಾನೇ ಅನ್ನುವ ಹಾಗೆ ನೋಡಿದ. ಕೊಟ್ರಯ್ಯ ಒಂದು ಕಾಲು ಒಳಗಿಟ್ಟು ಮತ್ತೆ ತಿರುಗಿದ.

“ಅಜ್ಜಾರೇ, ದಾರಿಯಲ್ಲಿ ಇದೂ ಮುಗಿದು ಹೋಗುತ್ತೆ. ಬೇಡಿ ತಿನ್ನಬಾರದು ಅಂತ ಮಠದ ಕಟ್ಟಳೆ. ಖಾಲಿ ಕೈಯಲ್ಲಿ ಅವಳ ಬಾಗಿಲಿಗೆ ಹೋಗಿ ನಿಂತು ನಾನು ಏನಂತ ಮಾತಾಡಲಿ?”

ಅಜ್ಜಾರು ನೀರಿಗಿಳಿದು ಹರಗೋಲನ್ನು ಆಚೆಗೆ ನೂಕಿದರು.

“ಬೇಡೋದು ಬೇಡ. ‘ಅಕ್ಕಾ, ಹಿಟ್ಟು ಮುಗೀತು’ ಅನ್ನು. ಇಷ್ಟು ವರ್ಷ ಅವಳು ಕಾದಿರೋದು ಆ ಒಂದು ಮಾತಿಗೇ.”